ಪೊರಕೆ ಹಿಡಿದು ಕುಣಿದವರು

ಒಂದು, ಎರಡು, ಮೂರು, ತಟ್ಟು. ಬೆಂಗಳೂರಿನ ಸ್ಟುಡಿಯೋದಲ್ಲಿ ನಾನು ಬಚಾಟಾ ಕಲಿತಿದ್ದು ಹೀಗೆ. ಎದುರಿಗೆ ಗೋಡೆ ತುಂಬ ಕನ್ನಡಿ. ಕೋಡ್ ಬರೆಯೋನಿಗೆ ಇದು ಸಲೀಸು, ಲೂಪ್ ಥರ ಸುತ್ತುತ್ತಿದ್ದರಾಯ್ತು. ಎರಡೇ ತಿಂಗಳಲ್ಲಿ 'ನಂಗೆ ಬರುತ್ತೆ' ಅನ್ನೋ ಜಂಬವೂ ಬಂತು.

ಆಮೇಲೆ ಆಫೀಸ್ ಕೆಲಸಕ್ಕೆ ನ್ಯೂಯಾರ್ಕಿಗೆ ಹೋದೆ. ಅಲ್ಲಿನ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಡೊಮಿನಿಕನ್ ಗಣರಾಜ್ಯದಿಂದ ಬಂದವರೇ ಜಾಸ್ತಿ. ಒಂದು ಶನಿವಾರದ ಕ್ಲಾಸಿಗೆ ಸೇರಿದೆ. ಕಲಿಸೋರು ಅರವತ್ತು ದಾಟಿದ ಹೆಂಗಸು. ಕನ್ನಡಿ ಇಲ್ಲ, ಎಣಿಕೆಯೂ ಇಲ್ಲ. ಮೊದಲು ಕೈಗೆ ಗುಯಿರಾ ಕೊಟ್ಟರು. ಕ್ಯಾರೆಟ್ ತುರಿಯೋ ತಗಡನ್ನ ಕೊಳವೆ ಸುತ್ತಿದ ಹಾಗಿರುತ್ತೆ, ಕಡ್ಡಿಯಲ್ಲಿ ಕೆರೆದು ನುಡಿಸೋದು. ಅದು ನಿಂತಾಗ ನಾವೂ ನಿಲ್ಲಬೇಕು, ನಿಲ್ಲದವರು ಔಟ್! ಇನ್ನೊಂದು ಆಟದಲ್ಲಿ ಕುರ್ಚಿ ಮೇಜು ಜೋಡಿಸಿ ಕೋಣೆಯನ್ನ ಕೊಲ್ಮಾದೊ ಮಾಡಿದರು. ಕೊಲ್ಮಾದೊ ಅಂದ್ರೆ ಅಲ್ಲಿನ ಬೀದಿ ಮೂಲೆಯ ದಿನಸಿ ಅಂಗಡಿ. ಅಕ್ಕಿ, ಎಣ್ಣೆ, ತಣ್ಣನೆ ಬಿಯರು, ಜೋರು ಹಾಡು ಎಲ್ಲಾ ಒಂದೇ ಕಡೆ. ಕೆಲವರು ಡೊಮಿನೊ ಆಡ್ತಾ ಕೂತರು, ಅವರ ಲೋಟ ಉರುಳಿಸದೆ ನಾವು ನಡುವೆ ಕುಣೀಬೇಕು. ನನ್ನ ಉದ್ದುದ್ದ ಹೆಜ್ಜೆ ತಪ್ಪು ಅಂತ ಯಾರೂ ಹೇಳಬೇಕಾಗಲಿಲ್ಲ.

ಮಜಾ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೊಳಗೇ ಕಿರಿಕಿರಿ. ಓದಿಕೊಂಡು ಹೋಗಿದ್ದೆನಲ್ಲ! ಸರ್ವಾಧಿಕಾರಿ ಟ್ರುಹಿಯೊ ಹತ್ಯೆಯಾಗಿದ್ದು 1961ರಲ್ಲಿ. ಮರುವರ್ಷ ಹೋಸೆ ಮಾನುಯೆಲ್ ಕಾಲ್ದೆರೋನ್ ಮೊದಲ ಬಚಾಟಾಗಳನ್ನ ರೆಕಾರ್ಡ್ ಮಾಡಿದ. ಆಮೇಲೆ ದಶಕಗಳ ಕಾಲ ಅದು ಕೊಳೆಗೇರಿಯ, ಸಾರಾಯಿ ಅಂಗಡಿಯ ಹಾಡು ಅಂತ ಮರ್ಯಾದಸ್ಥರು ಮೂಗು ಮುರಿದರು. ಅದಕ್ಕೆ 'ಅಮಾರ್ಗೆ', ಅಂದರೆ ಕಹಿ, ಅಂತಾನೂ ಹೆಸರಿತ್ತು. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇಷ್ಟು ಅವಮಾನ ತಿಂದದ್ದನ್ನ ಕುರ್ಚಿ ಆಟ ಮಾಡಿ ಕಲಿಸೋದು ಸರಿಯಾ? ಬಿಡುವಿನಲ್ಲಿ ಕೇಳೇಬಿಟ್ಟೆ.

ಅವರು ನಕ್ಕರು. ಈ ಹಾಡು ಬಂದ್ರೆ ಅವರಪ್ಪ ರೇಡಿಯೋ ಆರಿಸ್ತಿದ್ರಂತೆ. ಇವರು ಅಡುಗೆಮನೆಯಲ್ಲಿ ಪೊರಕೆ ಹಿಡ್ಕೊಂಡು, ಪಕ್ಕದ ಮನೆ ಹಾಡು ಕೇಳಿಸಿಕೊಂಡು ಕುಣೀತಿದ್ರಂತೆ. ಆಟವಾಗೇ ಅದು ಉಳಿದಿದ್ದು, ಪಾಠವಾಗಿ ಅಲ್ಲ ಅನ್ನೋದು ಅವರ ಮಾತು. ಕಹಿ ಗೊತ್ತಿರೋರಿಗೆ ಅದನ್ನ ಆಟ ಮಾಡೋ ಹಕ್ಕೂ ಇರುತ್ತೆ ಅಂತ ಒಪ್ಪಿಕೊಂಡೆ. ನನಗೂ ಇದೆಯಾ ಅನ್ನೋದು ಮಾತ್ರ ಹಾಗೇ ಉಳೀತು.

ಯಾಕಂದ್ರೆ ನಮ್ಮೂರಲ್ಲಿ ತಮಟೆ ಇತ್ತು. ಜಾತ್ರೆಯಲ್ಲಿ ಅದರ ಹಿಂದೆ ಕುಣಿದಿದ್ದಕ್ಕೆ ಅಜ್ಜಿ ನನ್ನ ಕಿವಿ ಹಿಂಡಿ ಎಳ್ಕೊಂಡು ಬಂದಿದ್ರು. ತಮಟೆ ಬಾರಿಸೋರು ನಮ್ಮ ಜಗಲಿ ಹತ್ತೋ ಹಾಗಿರಲಿಲ್ಲ, ನೀರು ಬೇಕಂದ್ರೂ ಅಂಗಳದಲ್ಲೇ ನಿಲ್ಲಬೇಕು. ಈಗ ರಾಜ್ಯೋತ್ಸವ ಬಂದ್ರೆ ಆಫೀಸಲ್ಲಿ ಎಲ್ರಿಗೂ ತಮಟೆ ಬೇಕು, ಪಂಚೆ ಬೇಕು, ರೀಲ್ಸ್ ಬೇಕು. ಆ ನ್ಯೂಯಾರ್ಕಿನಮ್ಮ ಅಡುಗೆಮನೆಯಲ್ಲಿ ಕದ್ದು ಕುಣಿದ ಹುಡುಗಿ. ನಾನು ರೇಡಿಯೋ ಆರಿಸಿದವರ ಮನೆಯ ಹುಡುಗ. ನನ್ನ ಕೈಯಲ್ಲಿ ಅದೇ ಆಟ ಇನ್ನೇನೋ ಆಗಿಬಿಡುತ್ತೆ ಅನ್ನೋ ಭಯ.

ಹಾಗಂತ ಮೈ ಬಿಗಿಹಿಡಿದು, ಇತಿಹಾಸದ ಸ್ಲೈಡು ಹಾಕಿ ಕಲಿಸಿದರೆ ಪಾಪ ಪರಿಹಾರ ಆಗುತ್ತಾ? ಅದೂ ಒಂಥರಾ ಶೋಕಿನೇ.

ಬಚಾಟಾ ಮಟ್ಟಿಗೆ, ಫ್ರೆಂಡ್ಸ್ ಕೇಳಿದ್ರೆ ಹಾಲಿನ ಸೋಫಾ ಸರಿಸಿ ಕೊಲ್ಮಾದೊ ಆಟ ಆಡಿಸ್ತೀನಿ. ಪೊರಕೆ ಕತೆನೂ ಹೇಳ್ತೀನಿ. ಈ ಸಲ ಆಫೀಸಲ್ಲಿ ತಮಟೆ ಡ್ಯಾನ್ಸ್ ನೀನೇ ಕಲಿಸು ಅಂದ್ರು. ಊರಿಗೆ ಹೋಗಿ, ಬಾರಿಸೋ ಅಣ್ಣನ್ನ ಕರ್ಕೊಂಡು ಬರ್ತೀನಿ, ಅವರೇ ಕಲಿಸಲಿ, ದುಡ್ಡು ಅವರಿಗೇ ಕೊಡಿ ಅಂದೆ. ಎಲ್ರೂ ಸೂಪರ್ ಅಂದ್ರು.

ಊರಿಗೆ ಬಂದು ಮೂರು ದಿನ ಆಯ್ತು. ಅವರ ಮನೆ ಇರೋ ಬೀದಿಗೆ ನಾನು ಇದುವರೆಗೂ ಕಾಲಿಟ್ಟಿಲ್ಲ ಅಂತ ಇವತ್ತು ಬೆಳಿಗ್ಗೆ ಹೊಳೀತು. ದಾರಿ ಕೇಳಿದ್ದಕ್ಕೆ ಅಮ್ಮ ಯಾಕೆ ಅಂದ್ರು.