ಎಣಿಸುವವನ ನಾಲಿಗೆ

ಬಾಲ್ಯದಲ್ಲಿ ನಾವು ಓಣಿಯಲ್ಲಿ ಕ್ರಿಕೆಟ್ ಆಡುವಾಗ ಅಂಪೈರ್ ಇರುತ್ತಿರಲಿಲ್ಲ. ಔಟೋ ಅಲ್ಲವೋ ಎಂಬ ಜಗಳ ಬಂದರೆ ಬ್ಯಾಟು ಯಾರದೋ ಅವನ ಮಾತೇ ಕೊನೆಯ ತೀರ್ಪು. ತೀರ್ಪುಗಾರನಿಲ್ಲದ ಆಟವೆಂದರೆ ಬಲಿಷ್ಠನ ಆಟ ಎಂದೇ ಬಹುಕಾಲ ನಂಬಿದ್ದೆವು. ಅಲ್ಟಿಮೇಟ್ ಫ್ರಿಸ್ಬಿಯ ನಿಯಮಗಳನ್ನು ಓದಿದ ಮೇಲೆ ಆ ನಂಬಿಕೆ ಸ್ವಲ್ಪ ಅಲುಗಾಡಿದೆ.

1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೊಲಂಬಿಯಾ ಹೈಸ್ಕೂಲಿನ ಹುಡುಗರು ಆರಂಭಿಸಿದ ಆಟವಿದು. ಈಗ ಬೆಂಗಳೂರಿನಲ್ಲೂ ಆಡುತ್ತಾರೆ. ತಂಡಕ್ಕೆ ಏಳು ಮಂದಿ. ಪ್ಲಾಸ್ಟಿಕ್ ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಾ ಸಾಗಿ ಎದುರಾಳಿಯ ತುದಿಯ ಅಂಕಣದೊಳಗೆ ಹಿಡಿದರೆ ಒಂದು ಅಂಕ. ತಟ್ಟೆ ಕೈಯಲ್ಲಿದ್ದವನು ಓಡುವಂತಿಲ್ಲ. ವಿಶ್ವ ಒಕ್ಕೂಟದ ನಿಯಮಗಳಲ್ಲಿ ರೆಫರಿಯಿಲ್ಲ. ತಪ್ಪನ್ನು ಆಟಗಾರರೇ ಹೇಳಬೇಕು, ಆಟಗಾರರೇ ಒಪ್ಪಬೇಕು.

ನಮ್ಮನ್ನು ತಡೆದು ನಿಲ್ಲಿಸಿದ್ದು ರಕ್ಷಣೆಯ ನಿಯಮಗಳು. ತಟ್ಟೆ ಹಿಡಿದವನ ಮೂರು ಮೀಟರ್ ಒಳಗೆ ನಿಂತ ಕಾವಲಿಗ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾನೆ. ಹತ್ತು ಎನ್ನಲು ತೊಡಗುವುದರೊಳಗೆ ಎಸೆಯದಿದ್ದರೆ ತಟ್ಟೆ ಕಾವಲಿಗನ ತಂಡದ ಪಾಲು. ಅಂದರೆ ಗಡಿಯಾರ ಎದುರಾಳಿಯ ಬಾಯಲ್ಲಿದೆ! ಸಂಖ್ಯೆಗೂ ಸಂಖ್ಯೆಗೂ ನಡುವೆ ಒಂದು ಸೆಕೆಂಡಾದರೂ ಇರಬೇಕು. ಆದರೆ ನಿಯ್ಯತ್ತು ನೆಟ್ಟಗಿದ್ದವನಿಗೂ ಎಂಟು, ಒಂಬತ್ತು ಬರುವ ಹೊತ್ತಿಗೆ ನಾಲಿಗೆ ತಾನಾಗಿಯೇ ಚುರುಕಾಗುತ್ತದೆ. ಸಂತೆಯಲ್ಲಿ ತಕ್ಕಡಿ ಹಿಡಿದವನಿಗೆ ಎದುರಾಗುವ ಪರೀಕ್ಷೆಯೇ ಇದು. ಅಳತೆಯಲ್ಲಿ ವಂಚಿಸುವವರ ಹೆಸರಿನಲ್ಲಿ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ, ಅಲ್ ಮುತಫ್ಫಿಫೀನ್. ಅಲ್ಲಿ ಕದಿಯುವುದು ಧಾನ್ಯ; ಇಲ್ಲಿ ಅರ್ಧ ಸೆಕೆಂಡು. ಕದ್ದವನಿಗೇ ಕದ್ದದ್ದು ತಿಳಿಯದಷ್ಟು ಚಿಕ್ಕದು.

ಇದಕ್ಕೆ ಶಿಕ್ಷೆಯೇನು? ಎಸೆಯುವವನು 'ಫಾಸ್ಟ್ ಕೌಂಟ್' ಎಂದರೆ ಆಟ ನಿಲ್ಲುವುದಿಲ್ಲ. ಆರು ಎಂದಿದ್ದ ಕಾವಲಿಗ ಐದರಿಂದ ಮತ್ತೆ ಎಣಿಸಬೇಕು, ಅಷ್ಟೇ. ತೋಳು ಚಾಚಿ ಎಸೆಯುವವನನ್ನು ಬಳಸಿ ನಿಂತರೂ, ಒಂದು ತಟ್ಟೆಯ ಅಗಲದಷ್ಟೂ ಜಾಗ ಬಿಡದೆ ಮೈಮೇಲೆ ಬಿದ್ದರೂ ಇದೇ ಕ್ರಮ. ಮತ್ತೆ ಮತ್ತೆ ಮಾಡಿದರೆ ಅಥವಾ ತೀರಾ ಅತಿಯಾದರೆ ಆಟ ನಿಲ್ಲಿಸಬಹುದು. ಯಾರೂ ಬೇಕೆಂದೇ ನಿಯಮ ಮುರಿಯುವುದಿಲ್ಲ ಎಂಬ ವಿಶ್ವಾಸದ ಮೇಲೆ ಇಡೀ ಆಟ ನಿಂತಿದೆ. ನಮ್ಮಂಥ ಸಂಶಯಪಿಶಾಚಿಗಳಿಗೆ ಇದು ನಗು ತರಿಸುತ್ತದೆ. ದಂಡವೇ ಇಲ್ಲದಿದ್ದರೆ ಮೋಸಗಾರನಿಗೆ ನಷ್ಟವೇನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ರೆಫರಿಯಿರುವ ಫುಟ್‌ಬಾಲಿನಲ್ಲಿ, ಗೋಲು ತಪ್ಪಿಸಲೆಂದೇ ಎದುರಾಳಿಯನ್ನು ಬೀಳಿಸಿ ಹಳದಿ ಕಾರ್ಡು ಪಡೆದವನನ್ನು ನಾವೇ 'ಜಾಣ' ಎಂದು ಹೊಗಳುವುದಿಲ್ಲವೇ? ಅಲ್ಲಿ ದಂಡವೆಂಬುದು ತಪ್ಪಿನ ಬೆಲೆಯಾಗಿಬಿಟ್ಟಿದೆ. ಬೆಲೆ ತೆತ್ತವನಿಗೆ ನಾಚಿಕೆ ಎಲ್ಲಿಯದು?

ಇನ್ನೂ ಕಠಿಣವಾದದ್ದು ಡಿಕ್ಕಿಯ ಪ್ರಸಂಗ. ತಟ್ಟೆ ಹಿಡಿಯಲು ಹಾರಿದವನು 'ಕೈಗೆ ಬಡಿದು ಕೆಡಿಸಿದೆ' ಎನ್ನುತ್ತಾನೆ. ಕಾವಲಿಗ ಒಪ್ಪಿದರೆ ತಟ್ಟೆ ಹಾರಿದವನದು. 'ನಾನು ಮುಟ್ಟಿಯೇ ಇಲ್ಲ' ಎಂದರೆ ಅದು ಎಸೆದವನ ಕೈಗೇ ಮರಳುತ್ತದೆ, ಆ ಎಸೆತ ನಡೆದೇ ಇಲ್ಲವೆಂಬಂತೆ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳಿರಬಹುದು, ಯಾರೂ ಸುಳ್ಳುಗಾರರೆನಿಸುವುದಿಲ್ಲ. ಮನೆಯಲ್ಲಾಗಲಿ, ಮಸೀದಿಯ ಕಮಿಟಿಯಲ್ಲಾಗಲಿ ನಾವು ಒಂದು ಜಗಳವನ್ನಾದರೂ ಹೀಗೆ ಮುಗಿಸಿದ್ದು ನೆನಪಿಲ್ಲ.

2012ರಲ್ಲಿ ಅಮೆರಿಕದಲ್ಲಿ ಶುರುವಾದ ವೃತ್ತಿಪರ ಲೀಗು ರೆಫರಿಗಳನ್ನು ತಂದಿತು. ಆದರೂ ಒಂದು ಕಿಟಕಿ ತೆರೆದಿಟ್ಟಿದ್ದಾರೆ: ತನಗೆ ಅನುಕೂಲವಾದ ತೀರ್ಪು ತಪ್ಪೆಂದು ಆಟಗಾರನೇ ಹೇಳಿದರೆ ಅದನ್ನು ಬದಲಿಸಲಾಗುತ್ತದೆ. ಒಂದೇ ಅಂಕದ ಅಂತರವಿರುವಾಗ, ಜನರೆಲ್ಲ ನೋಡುತ್ತಿರುವಾಗ ಬಾಯಿ ತೆರೆಯುವ ಅಂಥ ಒಬ್ಬನ ಕುರಿತು ಕಥೆ ಬರೆಯಬೇಕೆಂದು ನಾವು ಎರಡು ಬಾರಿ ಕುಳಿತೆವು. ಎರಡು ಬಾರಿಯೂ ನಮ್ಮ ಪಾತ್ರ ಬಾಯಿ ಮುಚ್ಚಿಕೊಂಡೇ ನಿಂತಿತು.