ಪ್ರಯತ್ನ, ಫಲ ಮತ್ತು ವಿಕೆಟ್ ಕೀಪರ್

ಪ್ರಯತ್ನಕ್ಕೆ ಫಲ ಸಿಕ್ಕೇ ಸಿಗುತ್ತದೆಯೇ? ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ, 1931ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನಗಳು ಸಿಗುತ್ತದೆ ಎಂದೇ ಹೇಳುತ್ತವೆ. ಶ್ರಮಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸ್ವರ್ಗವುಂಟು ಎಂಬುದು ಅವುಗಳ ಭರವಸೆ. ಭಗವದ್ಗೀತೆ ಇಷ್ಟು ಧಾರಾಳವಾಗಿ ಮಾತು ಕೊಡುವುದಿಲ್ಲ. ಮನುಷ್ಯನಿಗೆ ಅದು ಬಿಡುವುದು ಕರ್ಮವನ್ನು ಮಾತ್ರ. ಶರಣರ ಕಾಯಕ ತತ್ತ್ವ ದುಡಿಮೆಯನ್ನೇ ಪೂಜೆಯಾಗಿಸಿ, ಗಳಿಕೆಯನ್ನು ದಾಸೋಹಕ್ಕೆ ಕಳಿಸುತ್ತದೆ.

ಈ ನಿಲುವುಗಳನ್ನು ಒರೆಗೆ ಹಚ್ಚಲು ವಿಕೆಟ್ ಕೀಪರ್‌ನ ವೃತ್ತಿಗಿಂತ ಒಳ್ಳೆಯ ಕಲ್ಲು ಸಿಗುವುದು ಕಷ್ಟ. ದಿನಕ್ಕೆ 90 ಓವರ್ ಎಂದರೆ 540 ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು. ಸ್ಪಿನ್ನರ್ ಬಂದಾಗ ಸ್ಟಂಪಿಗೆ ಅಂಟಿಕೊಂಡೇ ಕೂರಬೇಕು. ಲೆಗ್ ಬದಿಗೆ ಬಿದ್ದ ಚೆಂಡು ಬ್ಯಾಟ್ಸ್‌ಮನ್‌ನ ಮೈ ಮರೆಗೆ ಹೋದಾಗ ಅಂದಾಜಿನ ಮೇಲೆ ಕೈ ಒಡ್ಡಬೇಕು. ತಪ್ಪಿದರೆ ಬೈ ಎಂದು ದಾಖಲಾಗುತ್ತದೆ. ತಪ್ಪದಿದ್ದರೆ ಸೊನ್ನೆ.

ಕರ್ನಾಟಕದ ಸೈಯದ್ ಕಿರ್ಮಾನಿ ಬೆಳೆದದ್ದು ಇಂಥ ಸೊನ್ನೆಯ ಮೇಲೆಯೇ. ಪೋಲಿಯೋ ಬಾಧಿತ ತೋಳಿನಿಂದ ವೇಗವಾಗಿ ಗೂಗ್ಲಿ ಎಸೆಯುತ್ತಿದ್ದ ಚಂದ್ರಶೇಖರ್, ಗಾಳಿಯಲ್ಲಿ ಚೆಂಡನ್ನು ತೇಲಿಸುತ್ತಿದ್ದ ಪ್ರಸನ್ನ ಇಬ್ಬರಿಗೂ ಅವರು ಕೀಪಿಂಗ್ ಮಾಡಿದರು. 1971ರ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾದರೂ ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಎರಡನೆಯ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದೇ ಇನಿಂಗ್ಸ್‌ನಲ್ಲಿ ಆರು ಬಲಿ ಪಡೆದು ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಆದರೂ 1979ರ ಇಂಗ್ಲೆಂಡ್ ಪ್ರವಾಸಕ್ಕೆ ಅವರನ್ನು ಕೈಬಿಡಲಾಯಿತು. ಇದನ್ನು ಪೂರ್ವಜನ್ಮದ ಕರ್ಮಕ್ಕೆ ಹಚ್ಚಬಹುದು. ಆದರೆ ಆ ವಿವರಣೆಯಿಂದ ಹೆಚ್ಚು ನಿರಾಳವಾಗುವವರು ಆಯ್ಕೆಗಾರರೇ. ತಂಡಕ್ಕೆ ಮರಳಿದ ಕಿರ್ಮಾನಿ 1981–82ರಲ್ಲಿ ಇಂಗ್ಲೆಂಡ್ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಒಂದೂ ಬೈ ಬಿಡಲಿಲ್ಲ. 1983ರ ವಿಶ್ವಕಪ್‌ನಲ್ಲಿ ಶ್ರೇಷ್ಠ ಕೀಪರ್ ಎನಿಸಿದರು. 88 ಟೆಸ್ಟ್‌ಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್. ಅಶೋಕನ ಮಾತು ಇವರ ಮಟ್ಟಿಗೆ ನಿಜವಾಯಿತು, ತಡವಾಗಿಯಾದರೂ.

ಸದಾನಂದ ವಿಶ್ವನಾಥ್ ವಿಷಯದಲ್ಲಿ ಹಾಗೆನ್ನಲಾಗದು. 1985ರ ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಶಿವರಾಮಕೃಷ್ಣನ್ ಎಸೆತಕ್ಕೆ ಮುಂದೆ ಬಂದ ಜಾವೇದ್ ಮಿಯಾಂದಾದರನ್ನು ಅವರು ಸ್ಟಂಪ್ ಮಾಡಿದ ಕ್ಷಣ ಇಂದಿಗೂ ಮಾತಿನಲ್ಲಿದೆ. ಅವರಿಗೆ ದಕ್ಕಿದ್ದು ಮೂರು ಟೆಸ್ಟ್, 22 ಏಕದಿನ ಪಂದ್ಯ. ಕೌಶಲ್ಯವಿತ್ತು, ಫಲ ಕೈಗೂಡಲಿಲ್ಲ. ಗೀತೆಯ ಎಚ್ಚರಿಕೆ ಇಲ್ಲಿ ಹೊಂದುತ್ತದೆಯಾದರೂ, ಅವಕಾಶ ಹಂಚುವವರು ಮನುಷ್ಯರೇ ಆಗಿರುವಲ್ಲಿ ನಿಷ್ಕಾಮವನ್ನು ಆಟಗಾರನೊಬ್ಬನಿಗೇ ಬೋಧಿಸುವುದು ಅರ್ಧ ನ್ಯಾಯ. ಕಾಯಕದ ದೃಷ್ಟಿಯೇ ಇಬ್ಬರಿಗೂ ಹೆಚ್ಚು ಒಪ್ಪುತ್ತದೆ: ಅದು ಕೇಳುವುದು ಹಿಡಿದ ಚೆಂಡಿನ ಲೆಕ್ಕವನ್ನು, ಆಡಿದ ಪಂದ್ಯಗಳ ಸಂಖ್ಯೆಯನ್ನಲ್ಲ. ಸದಾನಂದ್ ಮುಂದೆ ಅಂಪೈರ್ ಆಗಿ ಪ್ರಥಮ ದರ್ಜೆ ಪಂದ್ಯಗಳಲ್ಲಿ ಕೆಲಸ ಮಾಡಿದರು.