ಬಿಡಿಸುವ ಧರ್ಮ

ಕೂಡಿಸುವುದು ಪುಣ್ಯ, ಅಗಲಿಸುವುದು ಪಾಪ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಮದುವೆ ಕುದುರಿಸಿದವನನ್ನು ಕರೆದು ಊಟ ಹಾಕುತ್ತೇವೆ. ಮನೆ ಪಾಲು ಮಾಡಿಸಿದವನನ್ನು ನೆನೆಯುವವರಿಲ್ಲ. ಆದರೆ ಅಗಲಲೇಬೇಕಾದ ಸಂದರ್ಭಗಳೂ ಬಾಳಿನಲ್ಲಿ ಬರುತ್ತವೆ. ಆಗ ಅಗಲಿಸುವುದಕ್ಕೂ ಒಂದು ಧರ್ಮವುಂಟೆ? ಈ ಪ್ರಶ್ನೆಯನ್ನು ಹಿಡಿದು, ಶಾಸ್ತ್ರಗ್ರಂಥವನ್ನು ತೆರೆಯುವ ಮೊದಲು, ಒಂದು ರಿಪೇರಿ ಅಂಗಡಿಗೆ ಹೋಗೋಣವೆಂದರೆ ಓದುಗರು ನಗಬಾರದು.

ಕೊರಟಗೆರೆಯಂಥ ಊರುಗಳಲ್ಲಿ ಪಂಪುಸೆಟ್ಟು ಬಿಚ್ಚುವ, ಕಿಟಕಿಗೆ ಗ್ರಿಲ್ಲು ಮಾಡುವ ಅಂಗಡಿಗಳಲ್ಲಿ ಡ್ರಿಲ್ಲಿಂಗ್ ಯಂತ್ರವಿರುತ್ತದೆ. ಅದರಲ್ಲಿ ಗಿರ್ರನೆ ತಿರುಗುವ ಪೊಳ್ಳು ಉಕ್ಕಿನ ದಂಡವೇ ಸ್ಪಿಂಡಲ್. ಬೈರಿಗೆಯನ್ನು ಕಚ್ಚಿಹಿಡಿಯುವ ಚಕ್ಕಿನ ಬಾಲ ಅದರೊಳಗೆ ಕೂರುತ್ತದೆ. ಎರಡನ್ನೂ ಕೂಡಿಸಲು ತಿರುಪಿಲ್ಲ, ಮೊಳೆಯಿಲ್ಲ, ಬೆಸುಗೆಯಿಲ್ಲ. ಬಾಲವು ತುದಿಯ ಕಡೆಗೆ 20 ಅಂಗುಲಕ್ಕೆ ಸುಮಾರು 1 ಅಂಗುಲದ ಲೆಕ್ಕದಲ್ಲಿ ಸಣ್ಣದಾಗುತ್ತ ಹೋಗುತ್ತದೆ. ಸ್ಪಿಂಡಲಿನ ಒಳಮೈಯೂ ಅದೇ ಓರೆಯದು. ಅಮೆರಿಕದ ಸ್ಟೀಫನ್ ಮೋರ್ಸ್ 1860ರ ದಶಕದಲ್ಲಿ ರೂಪಿಸಿದ ಈ ಏರ್ಪಾಡು, 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಕಾರ್ಖಾನೆಗಳ ಲೇತುಗಳಲ್ಲೂ ಬಳಕೆಗೆ ಬಂತು.

ಓರೆ ಇಷ್ಟು ಕಡಿಮೆಯಾದ್ದರಿಂದ ಎರಡು ಮೈಗಳ ಘರ್ಷಣೆಯೇ ಅವನ್ನು ಹಿಡಿದಿಡುತ್ತದೆ. ಕೊರೆಯುವಾಗ ಒತ್ತಿದಷ್ಟೂ ಹಿಡಿತ ಬಿಗಿ. ಓರೆಯನ್ನು 24 ಅಂಗುಲಕ್ಕೆ 7 ಅಂಗುಲದಷ್ಟು ಹೆಚ್ಚಿಸಿದರೆ ಮಾತ್ರ ಆ ಕೂಡಿಕೆ ತಾನಾಗಿ ನಿಲ್ಲದು; ಹಿಂದಿನಿಂದ ಸರಳು ಹಾಕಿ ಎಳೆದು ಹಿಡಿಯಬೇಕಾಗುತ್ತದೆ. ಅಂತರ ಕಡಿಮೆಯಾದಷ್ಟೂ ಬಿಗಿ ಹೆಚ್ಚು. ಒಂದೇ ಒಲೆಯ ಅಣ್ಣತಮ್ಮಂದಿರ ವಿಷಯದಲ್ಲೂ ಇದು ಸುಳ್ಳಲ್ಲ.

ಹೀಗೆ ಕೂತದ್ದು ವರ್ಷಗಟ್ಟಲೆ ತೆಗೆಯದೆ, ತೇವ ತಗುಲಿ ತುಕ್ಕು ಹಿಡಿದರೆ ಕಚ್ಚಿಕೊಂಡುಬಿಡುತ್ತದೆ. ಆತುರಗಾರ ಸುತ್ತಿಗೆ ತೆಗೆದುಕೊಂಡು ಚಕ್ಕಿನ ಪಕ್ಕೆಗೆ ಬಡಿಯುತ್ತಾನೆ. ಚಕ್ ಬಂದರೂ ಬರಬಹುದು. ಆದರೆ ಆ ಪೆಟ್ಟನ್ನು ತಿಂದದ್ದು ಬೇರಿಂಗು. ಅದರೊಳಗಿನ ಉಕ್ಕಿನ ಗುಂಡುಗಳು ತಾವು ಉರುಳುವ ದಾರಿಯಲ್ಲಿ ಕುಳಿ ಒತ್ತುತ್ತವೆ. ಆ ದಿನ ಏನೂ ತೋರುವುದಿಲ್ಲ. ಮುಂದೆ ಯಂತ್ರ ಸದ್ದು ಮಾಡುತ್ತದೆ, ಕೊರೆದ ತೂತು ಅಳತೆ ತಪ್ಪುತ್ತದೆ. ಜಗಳ ಚಕ್ಕಿಗೂ ಸ್ಪಿಂಡಲಿಗೂ. ದಂಡ ತೆತ್ತದ್ದು ನಡುವೆ ಸುಮ್ಮನಿದ್ದ ಬೇರಿಂಗು.

ಬಲ್ಲವನ ರೀತಿಯೇ ಬೇರೆ. ಸ್ಪಿಂಡಲಿನ ಪಕ್ಕದಲ್ಲಿ ಒಂದು ಉದ್ದನೆಯ ಸೀಳನ್ನು ಮಾಡಿದವರೇ ಬಿಟ್ಟಿರುತ್ತಾರೆ. ಬಾಲದ ತುದಿ ಅಲ್ಲಿ ಕಾಣುತ್ತದೆ. ಅದರ ಮೇಲೆ ತೆಳ್ಳನೆಯ ಬೆಣೆಯೊಂದನ್ನು ತೂರಿಸಿ, ಕೆಳಗೆ ಮರದ ತುಂಡನ್ನಿಟ್ಟು, ಹಗುರವಾಗಿ ತಟ್ಟುತ್ತಾನೆ. ಬೆಣೆಯ ಒಂದು ಅಂಚು ಸ್ಪಿಂಡಲಿಗೆ ಆನುತ್ತದೆ, ಇನ್ನೊಂದು ಬಾಲವನ್ನು ಕೆಳಕ್ಕೆ ತಳ್ಳುತ್ತದೆ. ಬಲವೆಲ್ಲ ಬಹುಮಟ್ಟಿಗೆ ಅಂಟಿಕೊಂಡ ಇಬ್ಬರ ನಡುವೆಯೇ ಮುಗಿಯುತ್ತದೆ. ಕೆಲಸವಾದ ಕೂಡಲೆ ಬೆಣೆಯನ್ನು ಹೊರಗೆ ತೆಗೆಯುತ್ತಾನೆ. ಮರೆತು ಯಂತ್ರ ತಿರುಗಿಸಿದರೆ ಅದು ಹಾರಿ ಯಾರಿಗಾದರೂ ಬಡಿದೀತು. ಮಧ್ಯಸ್ಥಿಕೆಗೆ ಬಂದ ಹಿರಿಯರು ಇದನ್ನು ಗಮನಿಸಬೇಕು.

ಈಗ ಶಾಸ್ತ್ರಕ್ಕೆ ಬರೋಣ. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು, ಅವನು ಪಾಲು ಕೇಳಬಹುದು ಎಂದನು. ಅವಿಭಕ್ತ ಕುಟುಂಬಕ್ಕೆ ಇದೇ ಆ ಸೀಳು. ತಂದೆಯ ತರುವಾಯ ಮಕ್ಕಳು ಹಂಚಿಕೊಳ್ಳುವಾಗ ತಾಯಿಗೂ ಸಮಪಾಲು ಸಲ್ಲಬೇಕು, ಸಂಸ್ಕಾರವಾಗದ ತಮ್ಮಂದಿರಿಗೂ ಮದುವೆಯಾಗದ ತಂಗಿಯರಿಗೂ ಏರ್ಪಾಡಾಗಬೇಕು ಎಂಬ ವಿಧಿಯೂ ಅಲ್ಲಿದೆ. ಪೆಟ್ಟು ಬೇರಿಂಗಿಗೆ ಬೀಳಬಾರದೆಂಬ ಎಚ್ಚರವೇ ಇದು. ಆದರೆ ನಾವು ಬಹುಕಾಲ ಬೇರಿಂಗೆಂದು ಎಣಿಸಿದ ತಂಗಿ ನಿಜವಾಗಿ ಪಾಲುದಾರಳೇ ಎಂಬುದು ದೇಶಕ್ಕೆಲ್ಲ ಕಾನೂನಾದದ್ದು 2005ರ ತಿದ್ದುಪಡಿಯಿಂದ. ಯಾರು ಮೂರನೆಯವರು, ಯಾರು ಕೂಡಿಕೆಯಲ್ಲೇ ಇರುವವರು ಎಂದು ಗುರುತಿಸುವುದೂ ಈ ಧರ್ಮದ ಭಾಗವೇ.

ಕಬ್ಬಿಣಕ್ಕೆ ಅಳುವಿಲ್ಲ, ಮನುಷ್ಯನಿಗುಂಟು ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪತಕ್ಕದ್ದೇ. ಕಬ್ಬಿಣದ ವಿಷಯದಲ್ಲೇ ಇಷ್ಟು ಜತನ ಬೇಕಾದರೆ ಮನುಷ್ಯರ ವಿಷಯದಲ್ಲಿ ಎಷ್ಟು ಬೇಡ? ಬೆಣೆಗೂ ಎಣ್ಣೆಗೂ ಜಗ್ಗದ ಕೂಡಿಕೆಗಳೂ ಇವೆ. ಅಲ್ಲಿ ಕೊಯ್ಯದೆ ಗತಿಯಿಲ್ಲ. ಆಗಲೂ ಬಲ್ಲವನು ಪೇಟೆಯಲ್ಲಿ ಬದಲಿ ಸಿಗುವ ಬಾಲವನ್ನು ಕೊಯ್ಯುತ್ತಾನೆ, ಸ್ಪಿಂಡಲನ್ನಲ್ಲ. ಪಾಲಿನ ಪಂಚಾಯಿತಿಯಲ್ಲಿ ಕೂತವರು, ಎರಡು ಗುಂಟೆ ಜಮೀನಿಗೆ ಹಟ ಹಿಡಿಯುವ ಮುನ್ನ, ಒಳಮನೆಯಲ್ಲಿ ಕೂತ ತಾಯಿಗೆ ಬದಲಿ ಎಲ್ಲಿ ಸಿಕ್ಕೀತೆಂದು ಒಮ್ಮೆ ಕೇಳಿಕೊಂಡರೆ ಸಾಕು.